ಮಲೆನಾಡಿನ ಮನೆಗಳಲ್ಲಿ ಬಲ್ಬ್ ಬೇಗ ಬೇಗ ಸುಟ್ಟುಹೋಗುವುದೇಕೆ: ಕಾರಣ ಹುಡುಕುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಬಲ್ಬ್ ಹೋದಾಗ ಸಾಮಾನ್ಯವಾಗಿ ನಡೆಯುವುದು ಒಂದೇ. ಹಳೆಯದನ್ನು ಕಳಚಿ ಎಸೆದು ಪೇಟೆಯಿಂದ ತಂದ ಹೊಸದನ್ನು ಹಾಕುತ್ತಾರೆ. ಅದೂ ಹೋದರೆ ಕಂಪನಿಯನ್ನು ಬೈದು ಬೇರೆ ಕಂಪನಿಯದನ್ನು ತರುತ್ತಾರೆ. ಬಲ್ಬ್‌ನದೇ ದೋಷದಿಂದ ಬಲ್ಬ್ ಹೋಗುವುದಿಲ್ಲವೆಂದಲ್ಲ. ಆದರೆ ಒಂದೇ ಮನೆಯಲ್ಲಿ ವರ್ಷಕ್ಕೆ ನಾಲ್ಕಾರು ಎಲ್‌ಇಡಿ ಬಲ್ಬ್‌ಗಳು ಹೋಗುತ್ತಿದ್ದರೆ ಕಾರಣ ಹೋಲ್ಡರಿನಲ್ಲೋ, ವೈರಿಂಗಿನಲ್ಲೋ, ಹೊರಗಿನ ಲೈನಿನಲ್ಲೋ ಇರುವ ಸಾಧ್ಯತೆಯೇ ಹೆಚ್ಚು. ಅದನ್ನು ಹುಡುಕದೆ ಬಲ್ಬ್ ಬದಲಿಸುತ್ತಲೇ ಹೋದರೆ ಹಣ ಹೋಗುವುದಷ್ಟೇ ಅಲ್ಲ, ಅದೇ ಕಾರಣ ಒಂದು ದಿನ ಫ್ರಿಜ್ಜನ್ನೋ ಟಿವಿಯನ್ನೋ ಸುಡಬಹುದು, ಹಂಚಿನ ಮನೆಯ ಮರದ ಅಟ್ಟಕ್ಕೆ ಬೆಂಕಿಯನ್ನೂ ತರಬಹುದು. ಹೋದ ಬಲ್ಬ್ ಯಾವ ಜಾಗದ್ದು, ಯಾವ ಹೊತ್ತಿನಲ್ಲಿ ಹೋಯಿತು, ಹೇಗೆ ಹೋಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳುವ ಮನೆಯಲ್ಲಿ ಕಾರಣ ಸಿಗುವುದು ಕಷ್ಟವಲ್ಲ.

ಬೇಗ ಎಂದರೆ ಎಷ್ಟು ಬೇಗ

ಬಚ್ಚಲಿನಲ್ಲೋ ಕೊಟ್ಟಿಗೆಯಲ್ಲೋ ಇನ್ನೂ ಹಳೆಯ ತಂತಿಯ ಬಲ್ಬ್ ಉರಿಸುವವರಿದ್ದಾರೆ. ಅಂಥ ಬಲ್ಬ್‌ನ ಆಯಸ್ಸೇ ಸುಮಾರು 1,000 ಗಂಟೆ. ದಿನಕ್ಕೆ ಐದು ಗಂಟೆ ಉರಿದರೆ ಅದು 200 ದಿನಗಳಲ್ಲಿ ಹೋಗುವುದು ಸಹಜ. ರಾತ್ರಿಯಿಡೀ ಅಂಗಳದಲ್ಲಿ ಹನ್ನೆರಡು ಗಂಟೆ ಉರಿದರೆ ಮೂರು ತಿಂಗಳು ಬಾಳುವುದೂ ಅನುಮಾನ. ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಎಲ್‌ಇಡಿ ಬಲ್ಬ್‌ನ ಪೆಟ್ಟಿಗೆಯ ಮೇಲೆ 15,000 ಅಥವಾ 25,000 ಗಂಟೆ ಎಂದು ಬರೆದಿರುತ್ತದೆ. ದಿನಕ್ಕೆ ಐದು ಗಂಟೆಯ ಲೆಕ್ಕದಲ್ಲಿ 15,000 ಗಂಟೆಯೆಂದರೆ ಎಂಟು ವರ್ಷ. ಅಷ್ಟು ಕಾಲ ಬಾಳದಿದ್ದರೂ ಸರಿ, ಮೂರು ನಾಲ್ಕು ವರ್ಷವಾದರೂ ಬರಬೇಕು. ಒಂದು ವರ್ಷದೊಳಗೆ ಹೋದರೆ ಕಾರಣ ಹುಡುಕಬೇಕು. ಒಂದೇ ಜಾಗದಲ್ಲಿ ಎರಡನೆಯದೂ ಹೋದರೆ ಹುಡುಕದೆ ಮೂರನೆಯದನ್ನು ಹಾಕಲೇಬಾರದು.

ಮೊದಲ ಹೆಜ್ಜೆ: ಬಲ್ಬ್‌ನ ಮೇಲೆ ತಾರೀಕು

ಹೊಸ ಬಲ್ಬ್ ಹಾಕುವ ಮೊದಲು ಅದರ ಬುಡದ ಪ್ಲಾಸ್ಟಿಕ್ಕಿನ ಮೇಲೆ ಮಾರ್ಕರ್ ಪೆನ್ನಿನಿಂದ ತಾರೀಕನ್ನೂ ಜಾಗವನ್ನೂ ಬರೆಯಿರಿ: ಜಗಲಿ, ಅಡುಗೆಮನೆ, ಬಚ್ಚಲು, ಹೀಗೆ. ಹೋದ ಬಲ್ಬನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಇಡಿ. ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಆ ಡಬ್ಬಿಯಲ್ಲಿ ಒಂದು ಕ್ರಮ ಕಾಣಿಸತೊಡಗುತ್ತದೆ.

ಒಂದೇ ಜಾಗದ ಬಲ್ಬ್‌ಗಳು ಮತ್ತೆ ಮತ್ತೆ ಹೋಗುತ್ತಿದ್ದು ಉಳಿದ ಕೋಣೆಗಳವು ಚೆನ್ನಾಗಿದ್ದರೆ ದೋಷ ಆ ಹೋಲ್ಡರಿನದು, ಆ ಸ್ವಿಚ್ಚಿನದು ಅಥವಾ ಆ ಜಾಗದ ಶಾಖ, ತೇವಗಳದು. ಬೇರೆ ಬೇರೆ ಕೋಣೆಗಳ ಎರಡು ಮೂರು ಬಲ್ಬ್‌ಗಳು ಒಂದೇ ದಿನ, ಅದರಲ್ಲೂ ಒಂದೇ ಕ್ಷಣದಲ್ಲಿ ಹೋದರೆ ದೋಷ ವೋಲ್ಟೇಜಿನದು, ನ್ಯೂಟ್ರಲ್‌ನದು (ಕರೆಂಟ್ ಮರಳಿ ಹೋಗುವ ತಂತಿಯದು) ಅಥವಾ ಸಿಡಿಲಿನದು. ಒಂದೇ ಸಲ ಒಂದೇ ಅಂಗಡಿಯಿಂದ ತಂದವು ಎಲ್ಲಿ ಹಾಕಿದರೂ ಹೋಗುತ್ತಿದ್ದರೆ ಮಾತ್ರ ಕಂಪನಿಯನ್ನು ದೂರುವುದು ನ್ಯಾಯ.

ಹೋದ ಬಲ್ಬನ್ನು ಓದುವುದು

ತಂತಿಯ ಬಲ್ಬ್‌ನ ಗಾಜಿನೊಳಗೆ ಕಪ್ಪು ಲೇಪ ಕಂಡರೆ ತಂತಿ ಆವಿಯಾಗಿ ಸವೆದಿದೆ ಎಂದರ್ಥ. ತುಂಬಾ ಹಳೆಯ ಬಲ್ಬಾದರೆ ಅದು ಮುಪ್ಪು, ಹೊಸದಾದರೆ ವೋಲ್ಟೇಜ್ ಹೆಚ್ಚಾಗಿ ಬರುತ್ತಿರಬಹುದು. ಗಾಜು ಸ್ವಚ್ಛವಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ಅಲುಗಾಟವೇ ಕಾರಣವಿದ್ದೀತು. ಅಡಿಕೆ ಸುಲಿಯುವ ಯಂತ್ರದ ಶೆಡ್ಡು, ಪಂಪ್‌ಮನೆ, ಮೇಲೆ ಓಡಾಟವಿರುವ ಅಟ್ಟದ ತೊಲೆಗೆ ತೂಗುಬಿಟ್ಟ ದೀಪ ಇವೆಲ್ಲ ಅಲುಗಾಟದ ಜಾಗಗಳು. ಗಾಜಿನೊಳಗೆ ಬಿಳಿ ಹೊಗೆಯಂತೆ ಕಂಡರೆ ಒಳಗೆ ಗಾಳಿ ಸೇರಿದೆ; ಅದು ಬಲ್ಬ್‌ನದೇ ದೋಷ.

ಎಲ್‌ಇಡಿ ಬಲ್ಬ್ ಇನ್ನೂ ಹೆಚ್ಚು ಹೇಳುತ್ತದೆ. ಅದರೊಳಗಿನ ಪುಟ್ಟ ಹಳದಿ ಚಿಪ್‌ಗಳು ಸಾಮಾನ್ಯವಾಗಿ ಒಂದರ ಹಿಂದೆ ಒಂದರಂತೆ ಸರಣಿಯಲ್ಲಿರುವುದರಿಂದ ಒಂದು ಸುಟ್ಟರೂ ಎಲ್ಲವೂ ಆರಿಹೋಗುತ್ತವೆ. ಸುಟ್ಟ ಚಿಪ್‌ನ ನಡುವೆ ಸಾಸಿವೆ ಗಾತ್ರಕ್ಕಿಂತ ಸಣ್ಣ ಕಪ್ಪು ಚುಕ್ಕೆ ಇರುತ್ತದೆ. ಹಾಕಿದ ಹತ್ತು ನಿಮಿಷ ಚೆನ್ನಾಗಿ ಉರಿದು ಆಮೇಲೆ ಆರಿ ಹತ್ತುತ್ತಿದ್ದರೆ ಬಲ್ಬ್ ಬಿಸಿಯೇರಿ ಒಳಗಿನ ಬೆಸುಗೆ ಬಿಡುತ್ತಿದೆ. ಬುಡದ ಬಿಳಿ ಪ್ಲಾಸ್ಟಿಕ್ ಹಳದಿಯೋ ಕಂದೋ ಆಗಿದ್ದರೆ ಅದೂ ಶಾಖದ ಗುರುತೇ. ಉರಿಯುತ್ತಿದ್ದದ್ದು ಟಪ್ಪೆಂದು ಆರಿ ಸುಟ್ಟ ವಾಸನೆ ಬಂದಿದ್ದರೆ ವೋಲ್ಟೇಜ್ ಏಕಾಏಕಿ ಏರಿತ್ತೆಂದು ಸಂಶಯಿಸಬೇಕು. ಇಷ್ಟೆಲ್ಲದರ ಜೊತೆಗೆ ಬಲ್ಬ್‌ನ ತಳದಲ್ಲಿರುವ ಎರಡು ಸೀಸದ ಬೊಟ್ಟುಗಳನ್ನು ಬೆಳಕಿಗೆ ಹಿಡಿದು ನೋಡಲು ಮರೆಯಬಾರದು. ಅವು ನುಣುಪಾಗಿರಬೇಕು. ಕರಗಿ ಕುಳಿಬಿದ್ದಿದ್ದರೆ, ಸುತ್ತ ಮಸಿ ಇದ್ದರೆ, ಕಾರಣ ಹೋಲ್ಡರಿನಲ್ಲಿದೆ.

ಹೋಲ್ಡರ್: ನಮ್ಮ ಹವೆಯಲ್ಲಿ ಮೊದಲು ಕೆಡುವ ಭಾಗ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಉಳಿದ ಮಲೆನಾಡಿನಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಮರ, ಬಟ್ಟೆ ಯಾವುದೂ ಪೂರ್ತಿ ಒಣಗುವುದಿಲ್ಲ. ಹೋಲ್ಡರಿನೊಳಗಿನ ಹಿತ್ತಾಳೆಗೂ ಅದೇ ಗತಿ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಪಿನ್ ಹೋಲ್ಡರಿನೊಳಗೆ ಎರಡು ಸ್ಪ್ರಿಂಗ್ ಪಿನ್‌ಗಳಿದ್ದು ಅವು ಬಲ್ಬ್‌ನ ಸೀಸದ ಬೊಟ್ಟುಗಳನ್ನು ಒತ್ತಿ ಹಿಡಿಯಬೇಕು. ಸ್ಪ್ರಿಂಗ್ ಸಡಿಲವಾದರೆ ಅಥವಾ ಪಿನ್ನಿಗೆ ಕಿಲುಬು ಹಿಡಿದರೆ ಪಿನ್ನಿಗೂ ಬೊಟ್ಟಿಗೂ ನಡುವೆ ಕೂದಲೆಳೆಯಷ್ಟು ಅಂತರ ಉಳಿದು, ಆ ಅಂತರದಲ್ಲಿ ಬರಿಗಣ್ಣಿಗೆ ಕಾಣದ ಕಿಡಿ ಹಾರುತ್ತಲೇ ಇರುತ್ತದೆ. ಬಲ್ಬಿಗೆ ಸೆಕೆಂಡಿಗೆ ಎಷ್ಟೋ ಬಾರಿ ಕರೆಂಟ್ ಕಡಿದು ಸೇರಿದಂತಾಗುತ್ತದೆ. ಎಲ್‌ಇಡಿ ಬಲ್ಬ್‌ನ ಒಳಗಿರುವ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇದನ್ನು ಬಹಳ ಕಾಲ ತಡೆಯಲಾರದು.

ಪರೀಕ್ಷಿಸಲು ಸ್ವಿಚ್ ಆರಿಸಿದರೆ ಸಾಲದು, ಮೇನ್ ಸ್ವಿಚ್ ಇಳಿಸಲೇಬೇಕು. ಹಳೆಯ ವೈರಿಂಗಿನ ಎಷ್ಟೋ ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟ್ ತರುವ ತಂತಿಯಾದ ಫೇಸ್‌ಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿರುತ್ತಾರೆ; ಅಲ್ಲಿ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬ್ ಮಿಣುಕು ಮಿಣುಕಾಗಿ ಉರಿಯುತ್ತಿದ್ದರೆ ಈ ತಪ್ಪಿರಬಹುದು, ಇಲ್ಲವೇ ತೇವದ ಗೋಡೆಯಲ್ಲಿ ಕರೆಂಟ್ ಸೋರುತ್ತಿರಬಹುದು. ಸ್ವಿಚ್ಚಿನೊಳಗೆ ಸಣ್ಣ ಇಂಡಿಕೇಟರ್ ದೀಪವಿದ್ದರೂ ಹೀಗಾಗುತ್ತದೆ. ಮೊದಲೆರಡು ಇದ್ದಲ್ಲಿ ಎಲೆಕ್ಟ್ರಿಷಿಯನ್ ಬರುವವರೆಗೆ ಆ ಹೋಲ್ಡರಿಗೆ ಕೈಹಾಕಬೇಡಿ.

ಮೇನ್ ಇಳಿಸಿ, ಒಣ ಮರದ ಸ್ಟೂಲಿನ ಮೇಲೆ ನಿಂತು, ಟಾರ್ಚ್ ಹಿಡಿದು ಹೋಲ್ಡರಿನೊಳಗೆ ನೋಡಿ. ಹೆಂಚಿನ ಮನೆಯ ಜಗಲಿಯ ಹೋಲ್ಡರಾದರೆ ಒಳಗೆ ದೀಪದ ಹುಳುಗಳ ರೆಕ್ಕೆ, ಜೇಡನ ಬಲೆ, ಇರುವೆ ತಂದಿಟ್ಟ ಮಣ್ಣಿನ ಹುಡಿ, ಕೆಲವೊಮ್ಮೆ ಹಲ್ಲಿಯ ಮೊಟ್ಟೆಯ ಸಿಪ್ಪೆಯೂ ಸಿಗುತ್ತದೆ. ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಹುಡಿಯಾಗಿ ನಿಂತಿರುತ್ತದೆ. ಒಣ ಮರದ ಕಡ್ಡಿಯಿಂದ ಒಂದೊಂದು ಪಿನ್ನನ್ನೂ ಒತ್ತಿ ಬಿಡಿ. ಎರಡೂ ಒಂದೇ ಬಿಗುವಿನಿಂದ ಮೇಲೆ ಚಿಮ್ಮಬೇಕು. ಒಂದು ಒಳಗೇ ಉಳಿದರೆ, ಅಥವಾ ಪಿನ್ನಿನ ಸುತ್ತಲಿನ ಬೇಕಲೈಟ್ ಕಪ್ಪಾಗಿ ಬಿರಿದಿದ್ದರೆ, ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬಳಸುವ ಯೋಚನೆ ಬೇಡ. ಹೋಲ್ಡರಿನ ಬೆಲೆ ಬಲ್ಬ್‌ನ ಬೆಲೆಗಿಂತ ಕಡಿಮೆಯೇ. ಅದನ್ನು ಬದಲಿಸಿಬಿಡುವುದು ಮೇಲು. ಬದಲಿಸುವಾಗ ಹಳೆಯ ವೈರಿನ ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ಸ್ಕ್ರೂಗೆ ಬಿಗಿಯಬೇಕು. ಅದೇ ದೀಪದ ಸ್ವಿಚ್ಚನ್ನೂ ಗಮನಿಸಿ: ಹಾಕುವಾಗ ಚರಚರ ಸದ್ದು ಬಂದರೆ, ಸ್ವಿಚ್ಚಿನ ಮುಖ ಬೆಚ್ಚಗಿದ್ದರೆ ಅದರ ಕೆಲಸವೂ ಮುಗಿದಿದೆ.

ಶಾಖ ಮತ್ತು ಹಬೆ

ಎಲ್‌ಇಡಿ ತಣ್ಣಗಿರುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಅದರ ಬೆಳಕಿನಲ್ಲಿ ಬಿಸಿಯಿಲ್ಲ, ಬುಡದಲ್ಲಿ ಇದೆ. ಆ ಬಿಸಿ ಹೊರಗೆ ಹೋಗಲು ಗಾಳಿ ಬೇಕು. ಡ್ರೈವರಿನೊಳಗಿನ ಕೆಪಾಸಿಟರ್‌ನ ಆಯಸ್ಸು ಪ್ರತಿ 10 ಡಿಗ್ರಿ ಶಾಖ ಹೆಚ್ಚಿದಂತೆ ಸುಮಾರು ಅರ್ಧವಾಗುತ್ತದೆಂಬುದು ಎಲೆಕ್ಟ್ರಾನಿಕ್ಸ್‌ನವರ ಲೆಕ್ಕ. ಮಳೆಯ ಇರಚಲು ತಾಗದಿರಲೆಂದು ಅಂಗಳದ ದೀಪಕ್ಕೆ ಪೂರ್ತಿ ಮುಚ್ಚಿದ ಗಾಜಿನ ಗೋಳ ಹಾಕಿ, ಅದರೊಳಗೆ 15 ಅಥವಾ 20 ವಾಟ್‌ನ ಬಲ್ಬ್ ಇಟ್ಟರೆ ಅದು ತನ್ನ ಬಿಸಿಯಲ್ಲೇ ಬೇಯುತ್ತದೆ. ಅಂಥಲ್ಲಿ 5 ಅಥವಾ 7 ವಾಟ್ ಸಾಕು. ಹೆಚ್ಚು ಬೆಳಕು ಬೇಕಾದರೆ ಹೊರಾಂಗಣಕ್ಕೆಂದೇ ಮಾಡಿದ, ನೀರು, ಧೂಳು ಒಳಹೋಗದೆಂಬ ಗುರುತಾದ ಐಪಿ 65 ಎಂದು ಬರೆದಿರುವ ದೀಪ ತರಬೇಕು.

ಬಚ್ಚಲಿನ ಹಂಡೆಯ ಒಲೆಯ ಮೇಲೆ, ಅಡಿಕೆ ಬೇಯಿಸುವ ಒಲೆಯ ನೇರ ಮೇಲೆ ದೀಪವಿದ್ದರೆ ಬಿಸಿ, ಹಬೆ, ಹೊಗೆಯ ಜಿಡ್ಡು ಮೂರೂ ಒಟ್ಟಿಗೆ ತಾಗುತ್ತವೆ. ಅಲ್ಲಿ ಯಾವ ಕಂಪನಿಯ ಬಲ್ಬೂ ಬಾಳುವುದಿಲ್ಲ. ದೀಪವನ್ನು ಒಲೆಯಿಂದ ದೂರದ ಗೋಡೆಗೆ ಸರಿಸುವುದೊಂದೇ ದಾರಿ. ಕೊಟ್ಟಿಗೆಯಲ್ಲಿ ಗಂಜಲದ ಆವಿ ಹಿತ್ತಾಳೆಯನ್ನು ಇನ್ನೂ ಬೇಗ ತಿನ್ನುವುದರಿಂದ ಅಲ್ಲಿಗೂ ನೀರು, ಆವಿ ಒಳಹೋಗದ ದೀಪವೇ ಬೇಕು.

ವೋಲ್ಟೇಜನ್ನು ಮೂರು ಹೊತ್ತು ಅಳೆಯುವುದು

ಮನೆಗೆ ಬರಬೇಕಾದದ್ದು 230 ವೋಲ್ಟ್. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಇದಕ್ಕೆ ಇದ್ದ ವಿನಾಯಿತಿ ಮೇಲೂ ಕೆಳಗೂ ಶೇಕಡಾ 6. ಆ ಅಳತೆಯಂತೆ 216ರಿಂದ 244ರ ನಡುವೆ ಇದ್ದರೆ ಚಿಂತೆಯಿಲ್ಲ. ತಂತಿಯ ಬಲ್ಬಿಗೆ ಶೇಕಡಾ 5ರಷ್ಟು ಹೆಚ್ಚು ವೋಲ್ಟೇಜ್ ಸದಾ ಬಂದರೂ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಶೇಕಡಾ 10 ಹೆಚ್ಚಾದರೆ ಮೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಎಲ್‌ಇಡಿಯಲ್ಲಿ ಒಳ್ಳೆಯ ಡ್ರೈವರ್ ಇದ್ದರೆ ಈ ಏರಿಳಿತವನ್ನು ಅದು ನುಂಗಿಕೊಳ್ಳುತ್ತದೆ. ಅಗ್ಗದ ಬಲ್ಬ್‌ಗಳಲ್ಲಿ ಡ್ರೈವರಿನ ಬದಲು ಒಂದು ಕೆಪಾಸಿಟರ್ ಮಾತ್ರ ಇದ್ದು, ವೋಲ್ಟೇಜ್ ಏರಿದಷ್ಟೂ ಚಿಪ್‌ಗಳಿಗೆ ಹೆಚ್ಚು ಕರೆಂಟ್ ನುಗ್ಗುತ್ತದೆ.

ನಮ್ಮ ಕಡೆಯ ತೊಂದರೆ ಏನೆಂದರೆ ತೋಟದ ನಡುವಿನ ಒಂಟಿ ಮನೆಗೆ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಬರುವ ಲೈನ್ ಬಹಳ ಉದ್ದ. ಬೇಸಿಗೆಯಲ್ಲಿ ಅಡಿಕೆ ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ಲೈನಿನ ಕೊನೆಯ ಮನೆಯಲ್ಲಿ ವೋಲ್ಟೇಜ್ ಕುಸಿದು ಬಲ್ಬ್ ಮಂಕಾಗುತ್ತದೆ. ಡಿಮ್ ಆದ ಹೊತ್ತಿನಲ್ಲಿ ಬಲ್ಬ್ ಸಾಮಾನ್ಯವಾಗಿ ಸುಡುವುದಿಲ್ಲ. ಅಪಾಯವಿರುವುದು ಪಂಪುಗಳು ನಿಂತ ಮೇಲೆ. ತ್ರೀ ಫೇಸ್ ಹೋಗಿ ಲೈನಿನ ಮೇಲಿನ ಭಾರವೆಲ್ಲ ಒಮ್ಮೆಗೇ ಇಳಿದಾಗ ವೋಲ್ಟೇಜ್ ಮೇಲೇರುತ್ತದೆ. ನಡುರಾತ್ರಿಯಲ್ಲಿ, ಪಂಪೇ ಬೇಡವಾದ ಮಳೆಗಾಲದಲ್ಲಿ, ಆ ಏರಿಕೆ ಗಂಟೆಗಟ್ಟಲೆ ನಿಲ್ಲಬಹುದು. ಸಂಜೆ ಡಿಮ್ ಇರುವ ಮನೆಯವರು ನಮ್ಮಲ್ಲಿ ವೋಲ್ಟೇಜೇ ಇಲ್ಲ, ಬಲ್ಬ್ ಹೇಗೆ ಸುಡುತ್ತದೆ ಎಂದು ಕೇಳುವುದುಂಟು. ಉತ್ತರ ಅವರು ಮಲಗಿದ ಮೇಲಿನ ಹೊತ್ತಿನಲ್ಲಿದೆ.

ಆದ್ದರಿಂದ ಒಂದು ಬಾರಿ ಅಳೆದರೆ ಏನೂ ತಿಳಿಯುವುದಿಲ್ಲ. ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಡಿಜಿಟಲ್ ವೋಲ್ಟ್‌ಮೀಟರ್ ತಂದು, ಒಂದು ವಾರ ಬೆಳಿಗ್ಗೆ ಆರಕ್ಕೆ, ಸಂಜೆ ಏಳಕ್ಕೆ, ರಾತ್ರಿ ಹನ್ನೊಂದರ ಮೇಲೆ ಅಂಕಿ ನೋಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಮಲ್ಟಿಮೀಟರ್ ಬಳಸಬಲ್ಲವರು ಎಸಿ 600 ಅಥವಾ 750 ವೋಲ್ಟ್‌ನ ಅಳತೆಯಲ್ಲಿಟ್ಟು ಫೇಸ್ ಮತ್ತು ನ್ಯೂಟ್ರಲ್ ನಡುವೆ, ಆಮೇಲೆ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ನೋಡಬೇಕು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಒಂದೆರಡು ವೋಲ್ಟ್ ಮಾತ್ರ ಇರಬೇಕು; ಹತ್ತಿಪ್ಪತ್ತು ತೋರಿಸಿದರೆ ಎರಡರಲ್ಲೊಂದು ಸಡಿಲವಾಗಿದೆ.

ರಾತ್ರಿಯ ಅಂಕಿ ಪದೇ ಪದೇ 250 ದಾಟುತ್ತಿದ್ದರೆ ಆ ಕ್ಯಾಲೆಂಡರಿನ ಹಾಳೆಯೇ ನಿಮ್ಮ ಸಾಕ್ಷಿ. ಬಿಲ್ಲಿನ ಮೇಲಿರುವ ಆರ್‌.ಆರ್. ನಂಬರ್ ಸಹಿತ 1912ಕ್ಕೆ ದೂರು ಕೊಟ್ಟು, ಮೆಸ್ಕಾಂನ ಸೆಕ್ಷನ್ ಆಫೀಸಿಗೆ ತಾರೀಕು, ಹೊತ್ತು, ವೋಲ್ಟೇಜ್ ಮೂರನ್ನೂ ಬರೆದು ಅರ್ಜಿ ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. "ವೋಲ್ಟೇಜ್ ಸರಿಯಿಲ್ಲ" ಎಂದು ಬಾಯಲ್ಲಿ ಹೇಳುವುದಕ್ಕಿಂತ ಇದು ಬಹಳ ಹೆಚ್ಚು ಕೆಲಸ ಮಾಡುತ್ತದೆ. ಟಿಸಿಯಲ್ಲಿ ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಟ್ಯಾಪ್ ಇದ್ದರೆ ಬದಲಿಸುವುದು, ಫೇಸ್‌ಗಳ ಭಾರ ಸರಿದೂಗಿಸುವುದು ಅವರ ಕೈಯಲ್ಲಿರುವ ಪರಿಹಾರ.

ನ್ಯೂಟ್ರಲ್ ಬಿಟ್ಟಾಗ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಮನೆಯವರೆಲ್ಲ ಓದಬೇಕೆಂದಿದ್ದರೆ ಅದು ಇದು. ಕಂಬದ ಮೇಲೆ ಮೂರು ಫೇಸ್‌ಗಳಿಗೂ ಸಾಮಾನ್ಯವಾಗಿ ಒಂದೇ ನ್ಯೂಟ್ರಲ್ ತಂತಿ. ಒಂದು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್ ಇದ್ದರೆ ಎರಡು ಫೇಸ್‌ಗಳ ನಡುವೆ ಸುಮಾರು 400 ಇರುತ್ತದೆ. ಗಾಳಿಗೆ ಅಕೇಶಿಯಾದ ಕೊಂಬೆಯೋ ಬಿದಿರಿನ ಗಳವೋ ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ತುಂಡಾದರೆ, ಅಥವಾ ಟಿಸಿಯ ಬಳಿ ಅದರ ಜೋಡಣೆ ಕಿತ್ತುಬಂದರೆ, ಬೇರೆ ಬೇರೆ ಫೇಸ್‌ಗಳಲ್ಲಿರುವ ಮನೆಗಳು ತಮಗರಿವಿಲ್ಲದೆ ಆ 400 ವೋಲ್ಟನ್ನು ಹಂಚಿಕೊಳ್ಳಬೇಕಾಗುತ್ತದೆ. ಆ ಹಂಚಿಕೆ ಸಮನಾಗಿರುವುದಿಲ್ಲ: ಹೆಚ್ಚು ಉಪಕರಣ ಓಡುತ್ತಿರುವ ಕಡೆಗೆ ಕಡಿಮೆ ವೋಲ್ಟೇಜ್, ಎರಡು ಬಲ್ಬ್ ಮಾತ್ರ ಉರಿಯುತ್ತಿರುವ ಮನೆಗೆ 300ಕ್ಕೂ ಮೀರಿ ಬರಬಹುದು. ಪಂಪಿಗೆಂದು ತ್ರೀ ಫೇಸ್ ಸಂಪರ್ಕ ಪಡೆದ ಮನೆಯಲ್ಲಿ ಮೀಟರ್ ಬೋರ್ಡಿನ ನ್ಯೂಟ್ರಲ್ ಸ್ಕ್ರೂ ಸಡಿಲವಾದರೂ ಮನೆಯೊಳಗೇ ಹೀಗಾಗುತ್ತದೆ.

ಇದರ ಗುರುತುಗಳು ಸ್ಪಷ್ಟ. ಒಂದು ಕೋಣೆಯಲ್ಲಿ ಬಲ್ಬ್ ಮಂಕಾಗಿ ಇನ್ನೊಂದರಲ್ಲಿ ಎಂದಿಗಿಂತ ಪ್ರಖರವಾಗಿ ಉರಿಯುತ್ತದೆ. ಮಿಕ್ಸಿಯೋ ಗೀಸರೋ ಹಾಕಿದಾಗ ದೀಪ ಡಿಮ್ ಆಗುವ ಬದಲು ಇನ್ನಷ್ಟು ಬೆಳಗುತ್ತದೆ. ಫ್ಯಾನ್ ಹುಚ್ಚು ವೇಗದಲ್ಲಿ ತಿರುಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಕಾರಣ ಯೋಚಿಸುತ್ತ ನಿಲ್ಲದೆ ಮೊದಲು ಮೇನ್ ಇಳಿಸಿ, ಪಕ್ಕದ ಮನೆಯವರಿಗೆ ಫೋನ್ ಮಾಡಿ ಇಳಿಸಲು ಹೇಳಿ, ಆಮೇಲೆ 1912ಕ್ಕೆ ಕರೆ ಮಾಡಿ. ಕಂಬದ ಮೇಲಿನ ಕೆಲಸ ಲೈನ್‌ಮನ್‌ಗಳದು. ಊರಿನಲ್ಲಿ ಕಂಬ ಹತ್ತಬಲ್ಲ ಧೈರ್ಯವಂತರು ಇರುತ್ತಾರೆ, ಅವರನ್ನು ಹತ್ತಿಸಬೇಡಿ.

ಸಿಂಗಲ್ ಫೇಸ್ ಮನೆಯೊಳಗೆ ನ್ಯೂಟ್ರಲ್ ಪೂರ್ತಿ ಕಡಿದರೆ ದೀಪಗಳು ಆರುತ್ತವೆ ಮತ್ತು ಸಾಕೆಟ್ಟಿನ ಎರಡೂ ತೂತುಗಳಲ್ಲಿ ಟೆಸ್ಟರ್ ಹತ್ತಿಕೊಳ್ಳುತ್ತದೆ. ಸಡಿಲ ಮಾತ್ರ ಆಗಿದ್ದರೆ ದೀಪಗಳು ಮಿಣುಕುತ್ತವೆ, ಬಲ್ಬ್‌ಗಳು ಒಂದೊಂದಾಗಿ ಹೋಗುತ್ತವೆ. ಎಲೆಕ್ಟ್ರಿಷಿಯನ್ ಬಂದಾಗ ಬಲ್ಬ್ ಬದಲಿಸಲು ಹೇಳದೆ, ಮೀಟರ್ ಬೋರ್ಡಿನಿಂದ ಸ್ವಿಚ್‌ಬೋರ್ಡಿನವರೆಗೆ ನ್ಯೂಟ್ರಲ್ ಲಿಂಕಿನ ಪ್ರತಿಯೊಂದು ಸ್ಕ್ರೂ ಬಿಗಿ ಮಾಡಲು, ಕಪ್ಪಾದ ತುದಿಗಳನ್ನು ಕತ್ತರಿಸಿ ಹೊಸದಾಗಿ ಜೋಡಿಸಲು ಹೇಳಿ. ವೋಲ್ಟೇಜ್ ಮಿತಿಮೀರಿದಾಗ ತಾನಾಗಿ ಮನೆಯ ಸಂಪರ್ಕ ಕಡಿಯುವ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಎಂಬ ಸಾಧನ ಎಂಸಿಬಿ ಪೆಟ್ಟಿಗೆಯಲ್ಲೇ ಕೂರುತ್ತದೆ. ಉದ್ದ ಲೈನಿನ ಕೊನೆಯಲ್ಲಿರುವ ಮನೆಗೆ ಇದು ಅಲಂಕಾರವಲ್ಲ, ಅಗತ್ಯ.

ಗುಡುಗು ಸಿಡಿಲಿನ ತಿಂಗಳುಗಳು

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ, ಮತ್ತೆ ಅಕ್ಟೋಬರಿನ ಹಿಂಗಾರಿನಲ್ಲಿ ಒಂದೇ ಸಂಜೆ ಬಲ್ಬ್‌ಗಳು ಸಾಲಾಗಿ ಹೋಗುವುದು ಲೈನಿಗೆ ಅಥವಾ ಅದರ ಹತ್ತಿರ ಸಿಡಿಲು ಬಡಿದಾಗ. ಮೋಡ ಕಟ್ಟುವಾಗಲೇ ಟಿವಿ, ಇಂಟರ್ನೆಟ್ ಪೆಟ್ಟಿಗೆಗಳ ಪ್ಲಗ್ ಕಿತ್ತು, ಮೇನ್ ಇಳಿಸುವ ಹಿರಿಯರ ಅಭ್ಯಾಸ ಸರಿಯಾದದ್ದೇ. ಗುಡುಗು ಶುರುವಾದ ಮೇಲೆ ಮಾತ್ರ ಸ್ವಿಚ್‌ಬೋರ್ಡಿನ ಬಳಿ ಹೋಗಬಾರದು. ಮೇನ್ ಬೋರ್ಡಿನಲ್ಲಿ ಸರ್ಜ್ (ಕ್ಷಣಕಾಲ ಏಕಾಏಕಿ ಏರುವ ವೋಲ್ಟೇಜ್) ತಡೆಯುವ ಸರ್ಜ್ ಪ್ರೊಟೆಕ್ಟರ್ ಕೂರಿಸಬಹುದು, ಆದರೆ ಅದು ಹೆಚ್ಚಿನ ಕರೆಂಟನ್ನು ಭೂಮಿಗೆ ಕಳುಹಿಸುವ ಸಾಧನವಾದ್ದರಿಂದ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದನ್ನು ಹಾಕಿಯೂ ಪ್ರಯೋಜನವಿಲ್ಲ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಕಲ್ಲಿನಂತೆ ಒಣಗುತ್ತದೆ. ಅರ್ಥ್ ಗುಂಡಿಗೆ ಮಾರ್ಚಿನಿಂದಲೇ ವಾರಕ್ಕೊಮ್ಮೆ ನೀರು ಹಾಕುತ್ತಿರಬೇಕು.

ಇನ್ವರ್ಟರ್ ಇರುವ ಮನೆ

ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟಿನಲ್ಲಿ ಕೆಪಾಸಿಟರ್ ಮಾತ್ರವಿರುವ ಅಗ್ಗದ ಎಲ್‌ಇಡಿಗಳು ಹೆಚ್ಚು ಕರೆಂಟ್ ಎಳೆದು ಬೇಗ ಹೋಗುತ್ತವೆ. ಮಳೆಗಾಲದಲ್ಲಿ ದಿನಗಟ್ಟಲೆ ಇನ್ವರ್ಟರ್ ಮೇಲೇ ನಡೆಯುವ ಮನೆಗಳಲ್ಲಿ ಇನ್ವರ್ಟರ್ ಲೈನಿನ ಬಲ್ಬ್‌ಗಳು ಮಾತ್ರ ಹೋಗುತ್ತಿದ್ದರೆ ಕಾರಣ ಇದೇ ಇರಬಹುದು. ಆ ಲೈನಿಗೆ ಒಳ್ಳೆಯ ಡ್ರೈವರ್ ಇರುವ ಬಲ್ಬ್ ಹಾಕಬೇಕು, ಮುಂದೆ ಇನ್ವರ್ಟರ್ ಬದಲಿಸುವಾಗ ಸೈನ್ ವೇವ್‌ನದನ್ನೇ ಕೊಳ್ಳಬೇಕು.

ಕೊಳ್ಳುವಾಗ

ಮೇಲಿನದೆಲ್ಲ ಸರಿಯಾದ ಮೇಲಷ್ಟೇ ಬಲ್ಬ್‌ನ ಆಯ್ಕೆಗೆ ಅರ್ಥವಿದೆ. ಶಿವಮೊಗ್ಗದ ದುರ್ಗಿಗುಡಿಯಲ್ಲೋ ನಿಮ್ಮ ಊರಿನ ಪೇಟೆಯಲ್ಲೋ ಬಲ್ಬ್ ಕೇಳುವಾಗ ವಾಟ್ ಮತ್ತು ಬೆಲೆಯ ಜೊತೆಗೆ ಪೆಟ್ಟಿಗೆಯ ಮೇಲಿನ ಮೂರು ವಿಷಯ ಓದಿ. ಮೊದಲನೆಯದು ವೋಲ್ಟೇಜಿನ ವ್ಯಾಪ್ತಿ: 220–240 ಎಂದಷ್ಟೇ ಇರುವುದಕ್ಕಿಂತ 100–300 ಎಂದಿರುವುದು ನಮ್ಮ ಲೈನುಗಳಿಗೆ ತಕ್ಕದ್ದು. ಎರಡನೆಯದು ಸರ್ಜ್ ತಾಳಿಕೆ: 2.5 ಕಿಲೋವೋಲ್ಟ್ ಸಾಮಾನ್ಯ, 4 ಕಿಲೋವೋಲ್ಟ್ ಇದ್ದರೆ ಒಳ್ಳೆಯದು. ಮೂರನೆಯದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರೊಂದಿಗೆ ಐಎಸ್ 16102 ಎಂಬ ಸಂಖ್ಯೆ ಮತ್ತು ನೋಂದಣಿ ಸಂಖ್ಯೆ. ಸಂತೆಯಲ್ಲಿ ರಾಶಿಹಾಕಿ ಮಾರುವ ಬಲ್ಬ್‌ಗಳಲ್ಲಿ ಇದು ಇದೆಯೇ ಎಂದು ನೋಡಿಯೇ ತೆಗೆದುಕೊಳ್ಳಬೇಕು. ಅಂಗಡಿಯವರಿಂದ ಬಿಲ್ ಪಡೆದು ವಾರಂಟಿ ಎಷ್ಟು ಕಾಲವೆಂದು ಅದರ ಮೇಲೇ ಬರೆಸಿಕೊಳ್ಳಿ.

ಹೋಲ್ಡರ್, ನ್ಯೂಟ್ರಲ್ ಎಲ್ಲ ಸರಿಮಾಡಿಸಿದ ಮೇಲೂ ಇಡೀ ಮನೆಗೆ ಒಮ್ಮೆಲೇ ದುಬಾರಿ ಬಲ್ಬ್ ತರಬೇಡಿ. ಅತಿ ಹೆಚ್ಚು ಬಲ್ಬ್ ತಿಂದ ಜಾಗಕ್ಕೆ ಮೊದಲು ಒಂದನ್ನು ತಾರೀಕು ಬರೆದು ಹಾಕಿ, ಒಂದು ಮಳೆಗಾಲ ದಾಟಲಿ. ಅಲ್ಲಿ ಅದು ನಿಂತರೆ ಉಳಿದ ಕೋಣೆಗಳಿಗೂ ಅದನ್ನೇ ತರಬಹುದು.